ನಾಲ್ಕನೇ ಗಂಟು

“ಬೋರ್ಡು ಹಾಕಿಸು,” ಎಂದರು ಅಪ್ಪ, ಒದ್ದೆ ಹಗ್ಗದ ಸುರುಳಿಯನ್ನು ತಂದು ಮಗಳ ಕಂಪ್ಯೂಟರಿನ ಪಕ್ಕಕ್ಕೇ ಇಟ್ಟು. “ಕೆರೆ ಕೆಡ್ತಾ ಇದೆ. ನಾಲ್ಕನೇ ಗಂಟಿಗೇ ತಟ್ಟೆ ಮಾಯ. ವಾರದೊಳಗೆ ಪಾಚಿ ಏಳತ್ತೆ ನೋಡ್ತಿರು.”

ಮಗಳು ಹಗ್ಗವನ್ನು ಎರಡು ಬೆರಳಲ್ಲಿ ಎತ್ತಿ ನೆಲಕ್ಕಿಳಿಸಿದಳು. ಕೆರೆಯಲ್ಲಿ ವಿಷಪಾಚಿ ಯಾವಾಗ ಏಳುತ್ತದೆಂದು ಮುಂಚಿತವಾಗಿ ಹೇಳುವುದು ಅವಳ ಕೆಲಸ. ನಿವೃತ್ತರಾಗುವ ತನಕ ಅಪ್ಪನದೂ ಅದೇ ಕೆಲಸವಾಗಿತ್ತು. ಅವಳಿಗೆ ಕೆರೆಯ ನಡುವೆ ತೇಲುವ ಹಳದಿ ಯಂತ್ರವಿದೆ. ನೀರಿನ ಬಣ್ಣವೇನು, ಬಿಸಿಯೆಷ್ಟು ಎಂದು ಅದು ಗಂಟೆಗೊಮ್ಮೆ ಪಾಠ ಒಪ್ಪಿಸುತ್ತದೆ. ಅಪ್ಪನಿಗಿದ್ದದ್ದು ಒಂದು ಬಿಳಿ ತಟ್ಟೆ, ಮೊಳಕ್ಕೊಂದು ಗಂಟು ಹಾಕಿದ ಒಂದು ಹಗ್ಗ. ತಟ್ಟೆಯನ್ನು ಕಟ್ಟಿ ಇಳಿಸಬೇಕು; ಎಷ್ಟನೇ ಗಂಟಿನಲ್ಲಿ ಅದು ಕಣ್ಣಿಗೆ ಮರೆಯಾಯಿತೋ ನೀರು ಅಷ್ಟು ತಿಳಿ. ಬೀಳ್ಕೊಡುವಾಗ ಕಚೇರಿ ಕುರ್ಚಿ ಕೇಳಿತು, ಬೀಗದ ಕೈ ಕೇಳಿತು, ತಟ್ಟೆ ಕೇಳಲಿಲ್ಲ. ಕೇಳುವ ಹಕ್ಕೂ ಇರಲಿಲ್ಲ. ಕಚೇರಿಯ ತಟ್ಟೆ ಹಗ್ಗ ಬಿಚ್ಚಿಕೊಂಡು ಕೆರೆಯ ಪಾಲಾದ ದಿನ ಅಪ್ಪ ಅಡುಗೆಮನೆಯಿಂದ ಎತ್ತಿಕೊಂಡು ಹೋಗಿದ್ದ ತಟ್ಟೆ ಅದು, ಅಂಚಿಗೆ ನೀಲಿ ಹೂಗಳಿದ್ದದ್ದು. ಆಮೇಲೆ ನೆಂಟರು ಬಂದಾಗಲೆಲ್ಲ ಅಮ್ಮ, “ತಟ್ಟೆ ಒಂದು ಕಮ್ಮಿ, ಅದು ಕೆರೇಲಿ ಊಟಕ್ಕೆ ಕೂತಿದೆ” ಎಂದು ಸಾರುತ್ತಿದ್ದಳು. ಅಪ್ಪ ಮುಚ್ಚಳದಲ್ಲಿ ಉಣ್ಣುತ್ತಿದ್ದರು. ಅಮ್ಮ ಹೋದ ಮೇಲೆ ಮನೆಯಲ್ಲಿ ತಟ್ಟೆಗಳಿಗೆ ಬರವಿರಲಿಲ್ಲ; ಆದರೂ ಇದು ಮನೆಗೆ ಮರಳಲಿಲ್ಲ.

“ಯಂತ್ರ ನೀರು ಚೆನ್ನಾಗಿದೆ ಅನ್ನತ್ತಲ್ಲಪ್ಪ.”

“ಅದಕ್ಕೇನು ಗೊತ್ತು? ಅದರ ಮೇಲೆ ಬಾತುಕೋಳಿ ಕೂತು ಏನೇನು ಮಾಡತ್ತೆ ಅಂತ ನಾನು ದಿನಾ ನೋಡ್ತೀನಿ.”

ನಕ್ಕು ತಳ್ಳಿಹಾಕುವ ಹಾಗಿರಲಿಲ್ಲ. ಹಿಂದೊಂದು ಸಲ, ನೀರು ಸರಿಯಾಗಿದೆ ಎಂದು ಎಲ್ಲರೂ ಹೇಳುತ್ತಿದ್ದಾಗ, ಈ ತಟ್ಟೆಯೊಂದನ್ನೇ ನಂಬಿ ಅಪ್ಪ ಯಾರೂ ಕೆರೆಗಿಳಿಯದಂತೆ ಬೋರ್ಡು ಹಾಕಿಸಿದ್ದರು. ಊರಿಗೆ ಊರೇ ಬೈದಿತ್ತು. ದಡದಲ್ಲಿ ನೀರು ಕುಡಿದ ನಾಯಿಗಳು ಸತ್ತ ಮೇಲೆ ಬೈದವರೇ ಮನೆಗೆ ಬಂದು ಹೊಗಳಿ, ಕಾಫಿ ಕುಡಿದು ಹೋದರು. ಈಗ ನಾಳೆ ಬೆಳಿಗ್ಗೆ ಮಕ್ಕಳ ಈಜಿನ ತರಗತಿ ಶುರು. ನೀರಿಗೆ ಬಿಡಬಹುದೋ, ಕೆಂಪು ಬೋರ್ಡೋ, ಸಂಜೆಯೊಳಗೆ ಅವಳು ಹೇಳಬೇಕು. ಬೋರ್ಡು ಬಿದ್ದರೆ ಮಕ್ಕಳ ಬೇಸಿಗೆ ಅಲ್ಲಿಗೆ ಮುಗಿಯಿತು. ಬೀಳದೆ ಪಾಚಿ ಎದ್ದರೆ, ಈ ಸಲ ನೀರು ಕುಡಿಯುವುದು ನಾಯಿಗಳಲ್ಲ.

“ನಡೀರಿ,” ಎಂದು ಎದ್ದಳು. “ಮೊದಲಿನ ಹಾಗೆ ಇಬ್ಬರೂ ನೋಡೋಣ.”

ದೋಣಿಯಲ್ಲಿ ಇಬ್ಬರೂ ಹೇಳಿಸಿಕೊಳ್ಳದೆ ತಮ್ಮ ತಮ್ಮ ಹಳೆಯ ಜಾಗ ಹಿಡಿದರು: ಅಪ್ಪ ಬಿಸಿಲಿಗೆ ಬೆನ್ನು ಕೊಟ್ಟು, ಅವಳು ಅವರ ಪಕ್ಕ ದೋಣಿಯಂಚಿಗೆ ಗದ್ದ ಊರಿ. ಶಾಲೆಗೆ ರಜೆ ಬಂದರೆ ಅವಳ ಬೆಳಿಗ್ಗೆಗಳು ಇಲ್ಲೇ ಕಳೆಯುತ್ತಿದ್ದವು. ತಟ್ಟೆ ಇಳಿಯುತ್ತ ಇಳಿಯುತ್ತ ಬಿಳಿ ಹೋಗಿ ಹಸಿರಾಗುವುದು, ಹಸಿರು ಹೋಗಿ ಬರೀ ಗುಮಾನಿಯಾಗುವುದು. ಆಗ “ಹೋಯ್ತು” ಅನ್ನಬೇಕು. ಇಬ್ಬರೂ ಅಂದರೆ ಮಾತ್ರ ಲೆಕ್ಕ. ಅಪ್ಪನದು ಮೊದಲು ಬರುತ್ತಿತ್ತು, ಅವಳದು ಯಾವಾಗಲೂ ತಡ. ತಟ್ಟೆಯನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. “ಕಂಡದ್ದು ಹೇಳೇ ಪುಟ್ಟಿ, ಆಸೆಪಟ್ಟದ್ದಲ್ಲ,” ಎಂದು ಅಪ್ಪ ತಲೆಗೆ ಮೆಲ್ಲಗೆ ಮೊಟಕುತ್ತಿದ್ದರು.

ಅಪ್ಪ ಹಗ್ಗ ಬಿಟ್ಟರು. ನಾಲ್ಕನೇ ಗಂಟು ಬೆರಳು ದಾಟಿತು.

“ಹೋಯ್ತು.”

ಅವಳು ನೀರಿನತ್ತ ಇನ್ನಷ್ಟು ಬಾಗಿದಳು. ತಟ್ಟೆ ಅಲ್ಲೇ ಇತ್ತು. ಮಸುಕಾಗಿ ಕೂಡ ಅಲ್ಲ, ಯಾರೋ ಈಗಷ್ಟೇ ತೊಳೆದು ಊಟಕ್ಕೆ ಹಾಕಿದ ಹಾಗೆ ಬೆಳ್ಳಗೆ, ಹೂಗಳ ಸಮೇತ. ಈಚೆಗೆ ಮನೆಯ ಬಲ್ಬುಗಳೆಲ್ಲ ಮಂಕೆಂದು ಅಪ್ಪ ಅಂಗಡಿಯವನ ಜೊತೆ ಜಗಳವಾಡಿದ್ದು, ಪತ್ರಿಕೆಯವರು ಶಾಯಿಗೆ ನೀರು ಬೆರೆಸುತ್ತಾರೆಂದು ಗೊಣಗಿದ್ದು, ಎಲ್ಲ ಅವಳಿಗೆ ಒಟ್ಟಿಗೆ ನೆನಪಾಯಿತು. “ಹೋಯ್ತು” ಎನ್ನುವ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಅಂದುಬಿಟ್ಟರೆ ಅಪ್ಪನ ಮಾತು ಉಳಿಯುತ್ತದೆ. ಮಕ್ಕಳು ಒಂದು ಬೇಸಿಗೆ ಮನೆಯಲ್ಲಿ ಟಿ.ವಿ. ನೋಡುತ್ತಾರೆ, ಅಷ್ಟೆ ತಾನೇ.

“ಏನೇ, ನಿದ್ದೆ ಬಂತಾ?”

“ಬಿಡಿ ಅಪ್ಪ,” ಎಂದಳು. “ಹಗ್ಗ ಇನ್ನೂ ಬಿಡಿ.”

ಐದು ಹೋಯಿತು, ಆರು ಹೋಯಿತು. ಗಂಟುಗಳು ಅಪ್ಪನ ಬೆರಳ ಸಂದಿನಿಂದ ಒಂದೊಂದಾಗಿ ಜಾರಿದವು. ಏಳನೆಯದನ್ನು ಅವರು ಬಿಡದೆ ಹಿಡಿದುಕೊಂಡರು. ಮಗಳ ಮುಖ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡು ನೀರು ನೋಡಿದರು.

“ಆಸೆಪಡ್ತಿದ್ದೀಯೋ, ಕಾಣ್ತಿದೆಯೋ?”

“ಕಾಣ್ತಿದೆ.”

“ಹೂವು?”

“ಹೂವೂ ಕಾಣ್ತಿದೆ. ಅಮ್ಮ ಸೌಟು ಬೀಳಿಸಿ ಚಕ್ಕೆ ಎದ್ದಿತ್ತಲ್ಲ, ಅದೂ.”

ದೂರದಲ್ಲಿ ಹಳದಿ ಯಂತ್ರದ ಮೇಲೆ ಬಾತುಕೋಳಿಯೊಂದು ಬಂದು ಕೂತಿತು. ಅಪ್ಪ ಬಹಳ ಹೊತ್ತು ಆ ಕಡೆ ತಿರುಗಿ ಕೂತಿದ್ದರು, ಅದು ಅವರಿಗೆ ಕಂಡಿತೋ ಇಲ್ಲವೋ.

“ಹಾಗಾದ್ರೆ ಬೋರ್ಡು ಬೇಡ,” ಎಂದರು ಕೊನೆಗೆ. “ಮಕ್ಕಳನ್ನ ನೀರಿಗೆ ಬಿಡು. ಪಾಚಿ ಎದ್ದಿರೋದು ಕೆರೇಲಲ್ಲ.”

ಅವಳು ತಟ್ಟೆ ಎಳೆದುಕೊಳ್ಳಲು ಹಗ್ಗಕ್ಕೆ ಕೈ ಹಾಕಿದಳು. ಅಪ್ಪ ಆ ಕೈಯನ್ನು ಹಿಡಿದು ನಿಲ್ಲಿಸಿದರು.

“ಆಗಲೇ ಎತ್ತಬೇಡ. ಇನ್ನೂ ಏನೇನು ಕಾಣತ್ತೆ, ಹೇಳ್ತಾ ಹೋಗು.”