ಗುಟ್ಟಿನ ಕೋಣೆ

ಎಂಟನೆಯ ಸಂದೇಶಕ್ಕೆ ಬರುವಷ್ಟರಲ್ಲಿ ಜ್ಯೋತ್ಸ್ನಾಳ ಬಾಯಲ್ಲಿ ಹುಳಿನೀರು ತುಂಬಿತು. ಎದ್ದು ಹೋಗಿ ಹೊರಗೆ ಉಗುಳಿ ಬಂದಳು. ಕಂಪ್ಯೂಟರಿನ ತೆರೆಯ ಮೇಲೆ ಸಾಲುಗಳು ಹಾಗೆಯೇ ಇದ್ದವು.

"ಹಾಜರಿ ಪುಸ್ತಕ ನನ್ನ ಕೈಯಾಗ ಐತಿ. ಒಬ್ಬಾಕೀನ ಬಾ. ತುಂಬಿ ಕೊಡ್ತೀನಿ."

ಅದರ ಕೆಳಗಿದ್ದದ್ದನ್ನು ಬಾಯಿಬಿಟ್ಟು ಓದುವಂತಿರಲಿಲ್ಲ.

ನವಲಗುಂದದ ಬಸ್ ನಿಲ್ದಾಣದ ಹಿಂದೆ ಒಂದೇ ಕೋಣೆಯ ಆಫೀಸು ಅವಳದು. ಸುತ್ತಲಿನವರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಮೊರಬದ ಕಡೆ ನರ್ಸಿಂಗ್ ತರಬೇತಿ ಕೇಂದ್ರ ನಡೆಸುವ ಈರಪ್ಪ ಹೋದ ವರ್ಷ ತಾವಾಗಿಯೇ ಬಂದು, ಹುಡುಗಿಯರು ಅಂಜದೆ ಮಾತಾಡಲು ವೆಬ್‌ಸೈಟಿನಲ್ಲಿ ಒಂದು ಚಾಟ್ ರೂಮ್ ಬೇಕೆಂದಿದ್ದರು. ಸಿದ್ಧ ತಂತ್ರಾಂಶವೊಂದರ ಲೈಸೆನ್ಸನ್ನು ಅವರ ಹೆಸರಿನಲ್ಲೇ ಕೊಂಡು, ಬಾಡಿಗೆಯ ಸರ್ವರಿನಲ್ಲಿ ಕೂರಿಸಿ, ಗುಂಡಿಯಿಂದ ಸೂಚನೆಯವರೆಗೆ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಕೊಟ್ಟಿದ್ದಳು. ಅಡ್ಡಹೆಸರಿನಲ್ಲಿ ಕಷ್ಟ ಹೇಳಿಕೊಳ್ಳಲು 'ಗುಟ್ಟಿನ ಕೋಣೆ' ಎಂಬುದನ್ನು ಸೇರಿಸಿದವಳೂ ಅವಳೇ.

ಆ ಕೋಣೆಯ ಪಾಸ್‌ವರ್ಡ್ ಮಾತ್ರ ಕೇಂದ್ರದ ಮ್ಯಾನೇಜರನ ಕೈಗೆ ಹೋಗಿತ್ತು. ಮ್ಯಾನೇಜರ್ ಈರಪ್ಪನವರ ಮಗ ಗೌರೀಶ. ಯಾವ ಅಡ್ಡಹೆಸರಿನ ಹಿಂದೆ ಯಾರಿದ್ದಾರೆಂದು ಕೇಂದ್ರದಲ್ಲಿ ಅವನೊಬ್ಬನಿಗೆ ಕಾಣುತ್ತಿತ್ತು.

ಕೆಟ್ಟ ಮಾತು ತಡೆಯುವ ಜರಡಿಯೊಂದನ್ನು ಹಾಕಲು ಬೆಳಿಗ್ಗೆ ಸರ್ವರಿನಲ್ಲಿ ಹಳೆಯ ಮಾತುಕತೆ ತೆರೆದಾಗ ಎಲ್ಲ ಹೊರಬಿತ್ತು. ಹಾಜರಿ ಕಡಿಮೆಯಿದ್ದ ಐದು ಹುಡುಗಿಯರಿಗೆ ಗೌರೀಶ ಬರೆದದ್ದು. ಎಲ್ಲರೂ ಇಪ್ಪತ್ತರ ಆಸುಪಾಸಿನವರು. 'ಕುಸುಬಿ' ಎಂಬ ಅಡ್ಡಹೆಸರಿನವಳು, "ನಮ್ಮಪ್ಪಗ ಗೊತ್ತಾದ್ರ ಕಲಿಯೂದು ಬಿಡಿಸ್ತಾನ್ರಿ ಸರ್, ಕೈ ಮುಗೀತೀನಿ" ಎಂದು ಬರೆದಿದ್ದಳು. ಉತ್ತರಕ್ಕೆ ಗೌರೀಶ ಒಂದು ನಗುಮುಖ ಕಳಿಸಿದ್ದ.

ಮಧ್ಯಾಹ್ನ ಈರಪ್ಪ ಬಂದರು. ಕೂರಲಿಲ್ಲ. ನೀರು ಕೊಟ್ಟರೆ ಮುಟ್ಟಲಿಲ್ಲ.

"ಚಾಟ್ ರೂಮಿನ ಮಾತೆಲ್ಲಾ ಇನ್ನೂ ಅದಾವೇನು, ತಂಗಿ?"

"ಹೂಂರಿ ಕಾಕಾ, ಅವ."

"ತಾರೀಖು, ಟೈಮು?"

"ಎಲ್ಲಾ ಅವ."

"ಬ್ಯಾರೆ ಯಾರರ ನೋಡ್ಯಾರೇನು?"

"ಇಲ್ಲರಿ. ನಾ ಒಬ್ಬಾಕಿನ."

ಅವರು ಉದ್ದ ಉಸಿರು ಬಿಟ್ಟರು. ಆ ನಿರಾಳ ಕಂಡು ಅವಳ ಮೈ ಉರಿಯಿತು.

"ಎಲ್ಲಾ ತಗದು ಇಡು. ಒಂದಕ್ಷರ ಬಿಡಬ್ಯಾಡ. ಹುಡುಗ್ಯಾರ ಖರೇ ಹೆಸರು, ಊರು, ಫೋನ್ ನಂಬರ್ ಸುದ್ದಾ ಬೇಕು. ಒಬ್ಬೊಬ್ಬರ ಮನಿಗೂ ನಾನ ಹೋಗಾಂವ ಅದೀನಿ."

"ಯಾಕ? ಅವರ ಬಾಯಿ ಮುಚ್ಚಸ್ಲಿಕ್ಕೇನು?"

ಈರಪ್ಪನವರ ಮುಖ ಕಪ್ಪಿಟ್ಟಿತು. ಏನೋ ಹೇಳಲು ಬಾಯಿ ತೆರೆದರು. ಅವಳು ಬಿಡಲಿಲ್ಲ.

"ನಿಮ್ಮ ಮಗ ಬರದದ್ದೆಲ್ಲಾ ಓದೇನಿ ನಾನು. ಊರಾಗ ದೊಡ್ಡವರು ಅನಿಸಿಕೊಂಡು ಇಂಥಾ ಕೆಲಸಕ್ಕ ಬಂದೀರಲ್ಲಾ! ನಿಮ್ಮ ಮಾರಿ ನೋಡ್ಲಿಕ್ಕೂ ಹೇಸಿಗಿ ಬರ್ತದ."

ಈರಪ್ಪ ಹೆಗಲ ಮೇಲಿನ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡಿದರು.

"ಅಂವ ನನಗ ಒಬ್ಬನ ಮಗ," ಎಂದರು ಕೊನೆಗೆ. "ಏನು ಮಾಡಬೇಕು ಅಂಬೂದನ್ನ ಠರಾಯಿಸೀನಿ. ಸಂಜಿ ನಾಕಕ್ಕ ಜನಾ ಬರ್ತಾರ. ಅವರ ಕೈಯಾಗ ಕೊಡು. ಅಲ್ಲೀತನಕ ಯಾರ ಫೋನೂ ಎತ್ತಬ್ಯಾಡ."

"ಕೊಡೂದಿಲ್ಲ ಅಂದ್ರ?"

"ಲೈಸೆನ್ಸ್ ನನ್ನ ಹೆಸರಿನಾಗ ಐತಿ, ತಂಗಿ. ಇಲ್ಲ ಅನ್ನಾಕ ಬರೂದಿಲ್ಲ ನಿನಗ."

ಅವರು ಮೆಟ್ಟಿಲಿಳಿದು ಹೋದ ಮೇಲೂ ಕೋಣೆಯಲ್ಲಿ ಏನೋ ಕೊಳೆತು ನಾರಿದಂತೆ ಅವಳಿಗೆ ಅನಿಸುತ್ತಿತ್ತು. ನಾಲ್ಕಕ್ಕೆ ಜನ. ಎಂಥ ಜನವೆಂದು ಬಿಡಿಸಿ ಹೇಳಬೇಕಿರಲಿಲ್ಲ. ಹುಡುಗಿಯರ ನಂಬರ್ ಅವರ ಕೈ ಸೇರಿದರೆ ಆ ಐವರಲ್ಲಿ ಯಾರೂ ಪರೀಕ್ಷೆಗೆ ಕೂರುವುದಿಲ್ಲ. ಯಾರ ಮನೆಯಲ್ಲೂ ಒಲೆ ನೆಟ್ಟಗೆ ಉರಿಯುವುದಿಲ್ಲ.

ತಾನೇ ಫಿರ್ಯಾದಿ ಕೊಡಲೇ ಎಂದುಕೊಂಡಳು. ಕೊಟ್ಟರೆ ಕುಸುಬಿಯ ಅಪ್ಪನಿಗೆ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ. ಪೆನ್ ಡ್ರೈವಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಲೆಂದು ಸಿಕ್ಕಿಸಿದಳು, ಮತ್ತೆ ಕಿತ್ತಳು. ಬರುವವರು ಮೇಜಿನ ಡ್ರಾ ಜಾಲಾಡದೆ ಬಿಟ್ಟಾರೆಯೇ?

ಎಲ್ಲ ಅಳಿಸಿಬಿಟ್ಟರೆ ಗೌರೀಶ ಪಾರಾಗುತ್ತಾನೆ. ಅದೂ ಹೊಳೆಯಿತು. ಆದರೆ ಹುಡುಗಿಯರು ಉಳಿಯುತ್ತಾರೆ.

ಮೂರೂವರೆಗೆ ಶುರು ಮಾಡಿದಳು. ಸಂದೇಶಗಳು, ಹೆಸರುಗಳು, ನಂಬರುಗಳು. ಸರ್ವರಿನಲ್ಲಿ ವಾರಕ್ಕೊಮ್ಮೆ ತೆಗೆದಿಟ್ಟ ಪ್ರತಿಗಳು, ಒಂದೂ ಬಿಡದಂತೆ. "ಅಳಿಸಿದ್ದು ಮರಳಿ ಸಿಗುವುದಿಲ್ಲ. ಖಚಿತವೇ?" ಎಂದು ತೆರೆ ಕೇಳಿತು. ಆ ಸಾಲನ್ನು ಕನ್ನಡಕ್ಕೆ ತಂದವಳೂ ಅವಳೇ. ಹೌದು ಎಂದು ಒತ್ತಿದಳು.

ಗುಟ್ಟಿನ ಕೋಣೆ ಖಾಲಿಯಾಯಿತು. ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದುಕೊಂಡಳು. ಬೆಳಗಿನಿಂದ ಮೊದಲ ಸಲ ಮೈ ಹಗುರಾಯಿತು. ಇನ್ನು ಯಾರು ಬಂದರೂ ಬರಲಿ ಎಂದು ಬಾಗಿಲನ್ನು ತಾನೇ ಪೂರ್ತಿ ತೆರೆದಿಟ್ಟು ಕಾದಳು.

ನಾಲ್ಕಕ್ಕೆ ಸರಿಯಾಗಿ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಖಾಕಿ ತೊಟ್ಟ ಇಬ್ಬರು ಹೆಂಗಸರು ಒಳಗೆ ಬಂದರು. ಮುಂದಿದ್ದವಳು ತನ್ನ ಹೆಸರು ಮಲಿಕಾಬಿ ಎಂದು ಹೇಳಿ, ಕುರ್ಚಿ ಎಳೆದುಕೊಂಡು, ಫೈಲಿನಿಂದ ಒಂದು ಹಾಳೆ ತೆಗೆದಳು.

"ಈರಪ್ಪನವರು ಮುಂಜಾನೆನ ಠಾಣೆಗೆ ಬಂದು ತಮ್ಮ ಮಗನ ಮ್ಯಾಲೆ ಫಿರ್ಯಾದಿ ಬರಸ್ಯಾರ್ರಿ. ಪುರಾವೆ ಎಲ್ಲಾ ನಿಮ್ಮ ಕಡೆ ಭದ್ರ ಐತಿ ಅಂದಾರ."