ಕಿವಿ ಮುಚ್ಚುವ ಟೋಪಿ

ಮಕ್ಕಳಿಗೆ ತಿಳಿಯಬಾರದ್ದನ್ನೆಲ್ಲ ಗಂಡ ಹೆಂಡತಿ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮೈಸೂರಿನಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಬೇಕೆಂದೇ ಅದನ್ನು ಕಲಿಸಿರಲಿಲ್ಲ.

ಅವತ್ತೂ ಸೂಟ್‌ಕೇಸಿಗೆ ಸ್ವೆಟರು ತುಂಬುತ್ತಾ ಹೆಂಡತಿ ತುಳುವಿನಲ್ಲೇ ಅಂದಳು, "ಇಂಚರಾನ ಬಿಟ್ಟು ಹೋಗೋಕೆ ಮನಸ್ಸೇ ಬರ್ತಿಲ್ಲ ಕಣ್ರೀ."

"ಸ್ವಲ್ಪ ಥಂಡಿಯಾದ್ರೂ ಅದಕ್ಕೆ ಉಬ್ಬಸ. ಕಾಶ್ಮೀರದ ಹಿಮ ತಡೆಯುತ್ತಾ? ದೊಡ್ಡಮ್ಮನ ಮನೇಲಿರ್ಲಿ. ದೊಡ್ಡವನಾದ್ರೂ ಸ್ಕೀಯಿಂಗ್ ಕಲೀಲಿ."

"ಎಲ್ಲಿಗೆ ಅಂತ ಕೇಳಿದ್ರೆ?"

"ಅಣ್ಣಂಗೆ ಸ್ಕೂಲ್ ಕ್ಯಾಂಪು, ನಾವು ಜೊತೆಗೆ ಹೋಗ್ತಿದೀವಿ ಅಂತ ಹೇಳು."

ಪಕ್ಕದಲ್ಲೇ ಕೂತು ಗೊಂಬೆಗೆ ಜಡೆ ಹೆಣೆಯುತ್ತಿದ್ದ ಐದು ವರ್ಷದ ಇಂಚರಳಿಗೆ ಅಮ್ಮ ಅದನ್ನೇ ಕನ್ನಡದಲ್ಲಿ ಹೇಳಿದಳು. ಮಗಳ ಮುಖ ನೋಡಲಾಗದೆ, ಮಡಿಚಿದ್ದ ಸ್ವೆಟರನ್ನು ಬಿಡಿಸಿ ಮತ್ತೆ ಮಡಿಚಿದಳು.

"ಹೂಂ," ಅಂದ ಇಂಚರ ಒಳಗೆ ಹೋದಳು. ಕಿವಿ ಮುಚ್ಚುವ ತನ್ನ ಉಣ್ಣೆ ಟೋಪಿಯನ್ನು ತಂದು ಅಣ್ಣನ ಬಟ್ಟೆಗಳ ಮೇಲಿಟ್ಟಳು.

"ಇದ್ಯಾಕೆ ಚಿನ್ನಾ? ಕ್ಯಾಂಪಿಗೆ ಟೋಪಿ ಬೇಡ."

"ಹಿಮದಲ್ಲಿ ಅಣ್ಣಂಗೆ ಚಳಿ ಆಗುತ್ತಲ್ಲ," ಅಂದಳು ಇಂಚರ, ತುಳುವಿನಲ್ಲಿ.