ಅತ್ತೆಯ ಸೀರೆ

ಸೀರೆಯ ಮಡಿಕೆಯೊಳಗೆ ಮೂಗಿಟ್ಟು ಉಚ್ಚಂಗೆವ್ವ ಇನ್ನೊಮ್ಮೆ ಮೂಸಿದಳು. ರಾಣೆಬೆನ್ನೂರಿನ ಆ ಓಣಿಯ ಹೆಂಗಸರು ಹಳೆಯ ಬಟ್ಟೆ ಅದಲುಬದಲು ಮಾಡಿಕೊಳ್ಳಲು ಹಾಸಿದ್ದ ಜಮಖಾನೆಯ ಮೇಲೆ ಇಷ್ಟು ಗಟ್ಟಿ ಸೀರೆ ಸುಮ್ಮನೆ ಬಂದು ಬೀಳುತ್ತದೆಯೇ?

“ಯಾರದವಾ ಇದು?”

“ನಮ್ಮ ಅತ್ತೀದ್ರಿ,” ಎಂದಳು ಜರೀನಾ.

“ಅವರ್ಯಾಕ ಉಡೂದಿಲ್ಲ? ಸತ್ತವರ ಸೀರಿ ನಾ ಮುಟ್ಟೂದಿಲ್ಲ. ಖರೇ ಹೇಳು.”

ಜರೀನಾ ನಕ್ಕು ಬಾಗಿಲ ಕಡೆ ಕೈ ತೋರಿಸಿದಳು. ಕಟ್ಟೆಯ ಮೇಲೆ ಅವಳ ಅತ್ತೆ ಸಕೀನಾಬಿ ಚೂಡಿದಾರ ಹಾಕಿಕೊಂಡು ಕಾಲು ಚಾಚಿ ಕುಳಿತಿದ್ದಳು.

“ಅವರಿಗೆ ಈಗ ಅದಾ ಹಗುರ ಅನಸ್ತೈತಂತ. ನೀವು ತಂದ ಸೀರಿ ಯಾರದ್ರಿ?”

“ನಮ್ಮ ಅತ್ತೀದು.”

“ಅವರೂ ಚೂಡಿದಾರ ಹಾಕ್ಕೊಳ್ಳಾಕತ್ತಾರೇನ್ರಿ?”

ಉಚ್ಚಂಗೆವ್ವ ತನ್ನ ಚೀಲದ ಬಾಯಿಯನ್ನು ಮುಚ್ಚಿ ಹಿಡಿದಳು. ಅವಳ ಅತ್ತೆ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ.